ಆರರ ಜಾಗದಲ್ಲಿ ಒಂಬತ್ತು

ಕೇಳಿ ಪ್ರಿಯರೇ, ಇವತ್ತಿನ ಪ್ರಸಂಗದಲ್ಲಿ ಬೈಬಲಿನ ಶ್ರೀಮಂತನ ಕಥೆ ಹೇಳುವುದಿಲ್ಲ. ಒಂದು ಪಟ್ಟಣದ ಆಸ್ಪತ್ರೆಯಲ್ಲಿ ದಾನಪ್ಪ ಎಂಬ ಗುಮಾಸ್ತನಿದ್ದ. ಡಾಕ್ಟರು ಬರೆದ ಕಾಯಿಲೆಗೆ ಕಂಪ್ಯೂಟರಿನಲ್ಲಿ ಸಂಕೇತ ಹಾಕುವುದು ಅವನ ಕೆಲಸ. ರುಬೆಲ್ಲಾ ಆದರೆ ‘ಬಿ ಸೊನ್ನೆ ಆರು’. ಇಂಥದ್ದೇ ಎಂದು ಗೊತ್ತಾಗದ ದದ್ದಿನ ಜ್ವರವಾದರೆ ‘ಬಿ ಸೊನ್ನೆ ಒಂಬತ್ತು’. ಆರು ಎಂದು ಕಂಡರೆ ಮಾತ್ರ ಜಿಲ್ಲಾ ಆರೋಗ್ಯ ಕಚೇರಿಯವರು ಊರಿಗೆ ಬರುತ್ತಿದ್ದರು.

ಒಂದು ದಿನ ಒಂದೇ ಶಾಲೆಯ ನಾಲ್ಕು ಹುಡುಗಿಯರು ಮೈತುಂಬ ಕೆಂಪು ದದ್ದು ಎದ್ದು ಬಂದರು. ಡಾಕ್ಟರಮ್ಮ ರಕ್ತ ಪರೀಕ್ಷೆ ಮಾಡಿಸಿ ‘ರುಬೆಲ್ಲಾ’ ಎಂದು ಸ್ಪಷ್ಟವಾಗಿ ಬರೆದರು. ಆದರೆ ಆಸ್ಪತ್ರೆಯ ಮ್ಯಾನೇಜರ್ ಬಂದು ದಾನಪ್ಪನ ಬೆನ್ನ ಹಿಂದೆ ನಿಂತ.

“ಆರು ಹೊಡದಿ ಅಂದ್ರ ನಾಳೆ ತಪಾಸಣೆಗೆ ಬರ್ತಾರಪಾ. ಆಸ್ಪತ್ರಿ ಹೆಸರು ಕೆಡತೈತಿ. ಒಂಬತ್ತು ಹೊಡಿ.”

“ಡಾಕ್ಟರಮ್ಮಾರು ಬ್ಯಾರೆ ಬರದಾರಲ್ರೀ...”

“ನಾ ಹೇಳಿದಷ್ಟು ಮಾಡು.”

ರುಬೆಲ್ಲಾ ಮಕ್ಕಳಿಗೆ ಮೂರು ದಿನದ ಜ್ವರ. ಬಸುರಿಗೆ ತಗುಲಿದರೆ ಹೊಟ್ಟೆಯ ಕೂಸನ್ನೇ ಹಿಡಿಯುತ್ತದೆ. ಇದು ದಾನಪ್ಪನಿಗೆ ಗೊತ್ತಿತ್ತು. ನೋಡಿ, ಗೊತ್ತಿತ್ತು! ಗೊತ್ತಿದ್ದೂ ನಾಲ್ಕು ಸಲ ಒಂಬತ್ತು ಹೊಡೆದ. ಹೊಡೆದು ಊಟಕ್ಕೆ ಹೋದ.

ಆ ಹುಡುಗಿಯರ ಟೀಚರ್ ಸುವಾರ್ತಾ. ಆಗ ಅವಳಿಗೆ ಎರಡು ತಿಂಗಳು. ಶಾಲೆಗೆ ತಪಾಸಣೆಯವರು ಯಾರೂ ಬರಲಿಲ್ಲ, ‘ತಾಯಿ, ನೀನು ಮನೆಯಲ್ಲಿರು’ ಎಂದು ಯಾರೂ ಹೇಳಲಿಲ್ಲ. ಅವಳಿಗೂ ಜ್ವರ ಬಂತು, ಹೋಯಿತು. ಹುಟ್ಟಿದ ಕೂಸಿನ ಕಣ್ಣಲ್ಲಿ ಬಿಳಿ ಪೊರೆ. ಚಪ್ಪಾಳೆ ತಟ್ಟಿದರೆ ತಿರುಗುವುದಿಲ್ಲ.

ಕೂಸನ್ನು ಪರೀಕ್ಷಿಸಿದ ಡಾಕ್ಟರಮ್ಮ ಆ ಹುಡುಗಿಯರ ಹಳೆಯ ಫೈಲು ತೆಗೆಸಿ ನೋಡಿದರು. ಕಾಗದದಲ್ಲಿ ರುಬೆಲ್ಲಾ, ಕಂಪ್ಯೂಟರಿನಲ್ಲಿ ಒಂಬತ್ತು. ವಿಷಯ ತಿಳಿದ ಸುವಾರ್ತಾ ಕೂಸನ್ನೆತ್ತಿಕೊಂಡು ನೇರ ದಾನಪ್ಪನ ಮೇಜಿಗೆ ಬಂದಳು.

“ಅಣ್ಣಾರ, ಯಾಕ್ ಹಿಂಗ ಮಾಡಿದ್ರಿ?”

“ಸಾಹೇಬ್ರು ಹೇಳಿದ್ರವ್ವಾ.”

“ಹೇಳಿದ ಬಾಯಿ ಅವರದು. ಹೊಡದ ಕೈ ಯಾರದ್ರಿ?”

ದಾನಪ್ಪ ಬಿಕ್ಕಿಬಿಕ್ಕಿ ಅತ್ತ. ಮರುದಿನವೇ ಜಿಲ್ಲಾ ಕಚೇರಿಗೆ ಹೋಗಿ ಎಲ್ಲ ಒಪ್ಪಿಕೊಂಡ. ದಾಖಲೆ ತಿದ್ದಿಸಿದ, ಕೆಲಸ ಕಳೆದುಕೊಂಡ. ಪಾಪ ಎನ್ನುತ್ತೀರಾ? ಅನ್ನಬೇಡಿ! ಶಸ್ತ್ರಚಿಕಿತ್ಸೆ ಆಗಿ ಕೂಸಿಗೆ ಒಂದು ಕಣ್ಣು ಮಂಜಾಗಿ ಕಾಣುತ್ತದೆ. ಕಿವಿ ಕಿವುಡಾಗಿಯೇ ಉಳಿದವು. ದಾನಪ್ಪನ ಅಳು ಆ ಕೂಸಿಗೆ ಕೇಳಿಸಲೇ ಇಲ್ಲ.

ಈಗ ನಿಮ್ಮನ್ನು ಕೇಳುತ್ತೇನೆ. ಹೋಗದ ಮನೆಗೆ ಹೋದೆ ಎಂದು ಬರೆಯುವ ನರ್ಸಮ್ಮ ಇಲ್ಲಿ ಇಲ್ಲವೇ? ತೂಗದ ಕೂಸಿನ ತೂಕ ಬರೆಯುವವರು ಇಲ್ಲವೇ? ಕಾಣದ ರಸ್ತೆಗೆ ಸಹಿ ಹಾಕುವವರು? ಮುಂದಿನ ಸಾಲಿನವರೇ, ತಲೆ ತಗ್ಗಿಸಬೇಡಿ, ನನ್ನನ್ನು ನೋಡಿ! ‘ಸಾಹೇಬರು ಹೇಳಿದರು’ ಎಂದು ದೇವರ ಮುಂದೆ ಹೇಳುತ್ತೀರಾ?

ನಾಳೆ ಬೆಳಿಗ್ಗೆ ನಿಮ್ಮ ನಿಮ್ಮ ಕುರ್ಚಿಗೆ ಹೋಗಿ ಕೂತಾಗ ಕಂಡದ್ದನ್ನು ಕಂಡ ಹಾಗೆ ಬರೆಯಿರಿ. ಬೇಡ ಎಂದವರಿಗೆ ಅಲ್ಲೇ, ಆಗಲೇ, ‘ಆಗೂದಿಲ್ರಿ’ ಎನ್ನಿ. ಅಷ್ಟೂ ಆಗದಿದ್ದರೆ, ಮುಂದಿನ ಭಾನುವಾರ ಇಲ್ಲಿ ಬಂದು ಹಾಡಲು ಬಾಯಿ ತೆರೆಯಬೇಡಿ.