ದೂರದ ಬಾವಿಯೊಂದರ ಪ್ರಶ್ನೆ

ವೇದಿಕೆಯ ಮೇಲಿರುವ ಅಧ್ಯಕ್ಷರಾದ ಪರಮೇಶ್ವರ ಅವರೇ, ಬಾಳೆಹೊನ್ನೂರಿನಿಂದ ಬಂದಿರುವ ಮುಖ್ಯ ಅತಿಥಿಗಳೇ, ಕೊಪ್ಪದ ಷೇರುದಾರರ ಬಳಗದ ಸಭಿಕರೇ,

ಈ ಬಳಗವನ್ನು ಕಟ್ಟಿದ ನನ್ನ ಯಜಮಾನರಾದ ಗಣೇಶಮೂರ್ತಿಯವರ ನೆನಪಿಗೆ ಇಂದು ನನ್ನನ್ನು ಸನ್ಮಾನಿಸಿದ್ದೀರಿ. ಅವರಿದ್ದಿದ್ದರೆ ಎಲ್ಲಿ ಕೂರುತ್ತಿದ್ದರು? ವೇದಿಕೆಯ ಮೇಲಂತೂ ಅಲ್ಲ. ನಾನು ಶಾಲೆಯಲ್ಲಿ ಪಾಠ ಹೇಳಿದವಳು. ಮಕ್ಕಳು ಆಕಳಿಸಿದರೆ ನಿಲ್ಲಿಸುತ್ತಿದ್ದೆ. ನೀವೂ ಧಾರಾಳವಾಗಿ ಆಕಳಿಸಬಹುದು.

ತುಂಗೆ ಹುಟ್ಟುವ ಬೆಟ್ಟಗಳಲ್ಲಿ ಗಣಿ ಬೇಡವೆಂದು ಮೆರವಣಿಗೆ ಹೊರಟಾಗ ಇವರೂ ಪರಮೇಶ್ವರರೂ ಒಂದೇ ಬ್ಯಾನರಿನ ಎರಡು ತುದಿ ಹಿಡಿದಿದ್ದರು. ಮುಂದೆ ಬಳಗ ಕಟ್ಟಿದ್ದೂ ಇಬ್ಬರೂ ಸೇರಿಯೇ. ಹೊರದೇಶದ ಯುರೇನಿಯಂ ಗಣಿಯ ಷೇರು ಕೊಳ್ಳೋಣ ಎಂದವರು ನಮ್ಮ ಮನೆಯವರು. ಹೊಗೆಯಿಲ್ಲದ ವಿದ್ಯುತ್ತಿಗೆ ನಮ್ಮದೂ ಅಳಿಲು ಸೇವೆ ಎಂದು ನಂಬಿದ್ದರು.

ನನ್ನ ಅಕ್ಕನ ಮಗ ವಿಘ್ನೇಶ ಡಾಕ್ಟರು. ಆ ಗಣಿಯ ಹತ್ತಿರದ ಆಸ್ಪತ್ರೆಯಲ್ಲಿದ್ದ. ರಜೆಗೆ ಬಂದವನನ್ನು ಇವರು ಹೆಮ್ಮೆಯಿಂದಲೇ ವಿಚಾರಿಸಿದರು. ಗಣಿಯ ಕೆಸರು ತುಂಬಿಡುವ ಹೊಂಡದ ಪಕ್ಕದಲ್ಲೇ ಒಂದು ಊರಿದೆ, ಊರಿಗೆಲ್ಲ ಒಂದೇ ಬಾವಿ, ಆ ನೀರಿನ ಪರೀಕ್ಷೆಯ ಫಲಿತಾಂಶವನ್ನು ಕಂಪನಿ ಯಾರಿಗೂ ಕೊಡುವುದಿಲ್ಲ ಎಂದ.

"ನೀನು ಆ ನೀರು ಕುಡೀತ್ಯಾ?" ಎಂದು ಇವರು ಕೇಳಿದರು.

"ನಾನು ಬಾಟಲಿ ನೀರು ತರಿಸ್ತೇನೆ, ಚಿಕ್ಕಪ್ಪ" ಎಂದ.

ಇವರು ಬಳಗದ ಸಭೆ ಕರೆದರು. ಷೇರುದಾರರಾಗಿ ಎಲ್ಲರೂ ಸೇರಿ ಕಂಪನಿಯನ್ನು ಕೇಳೋಣ ಎಂದರು. ಬೇಕಾದರೆ ನೀವು ಮಾರಿ ಕೈತೊಳೆದುಕೊಳ್ಳಿ ಎಂದರು ಕೆಲವರು. ಮಾರಿದರೆ ಕೇಳುವ ಹಕ್ಕೂ ಹೋಗುತ್ತದೆ ಎಂದು ಇವರು. ಅಷ್ಟು ದೂರದ ಊರಿನ ಉಸಾಬರಿ ನಮಗೇಕೆ ಎಂದಿರಿ, ಪರಮೇಶ್ವರ ಅವರೇ, ನೀವು. ಆಗ ಇವರು ಹೇಳಿದ್ದು ನಿಮಗೆ ನೆನಪಿರಬಹುದು.

"ನಮ್ಮ ಹೊಳೆಗೊಂದು ನ್ಯಾಯ, ಅವರ ಬಾವಿಗೊಂದು ನ್ಯಾಯವಾ ಮಾರಾಯ?"

ಕೈ ಎತ್ತಿದವರು ಇವರನ್ನು ಬಿಟ್ಟರೆ ಹಿರಿಯ ಸದಸ್ಯೆ ತುಂಗಮ್ಮನವರು ಮಾತ್ರ.

ಆಮೇಲೆ ನಮ್ಮ ಮನೆಗೆ ಯಾರು ಬಂದಿರಿ? ಶೃಂಗೇರಿ ಪೇಟೆಯಲ್ಲಿ ಎದುರಾದರೆ ಯಾರು ಮಾತಾಡಿಸಿದಿರಿ? ಹೋಟೆಲಿನಲ್ಲಿ ಇವರೊಬ್ಬರೇ ಕಾಫಿ ಕುಡಿದು ಬರುತ್ತಿದ್ದರು. ಕ್ರಮೇಣ ಅದನ್ನೂ ಬಿಟ್ಟರು. ಕಂಪನಿಯ ವಾರ್ಷಿಕ ಸಭೆ ಫೋನಿನಲ್ಲಿ ನಡೆಯುವ ದಿನ ಮಾತ್ರ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕೂತು ಆ ಬಾವಿಯ ನೀರಿನ ಬಗ್ಗೆ ಕೇಳುತ್ತಿದ್ದರು. ನಿಮ್ಮ ಪ್ರಶ್ನೆಯನ್ನು ಗಮನಿಸಿದ್ದೇವೆ ಎಂದು ಪ್ರತಿ ಸಲವೂ ಉತ್ತರ. ಹೋದ ವರ್ಷ ಅದನ್ನು ಕೇಳಿಸಿಕೊಳ್ಳಲೂ ಇವರಿರಲಿಲ್ಲ.

ಷೇರು ನನ್ನ ಹೆಸರಿಗೆ ಬಂತು. ಈ ಸಲ ನಾನು ಕೂತೆ. ಆ ಬಾವಿಯ ನೀರು ಈಗ ಹೇಗಿದೆ ಎಂದು ಕೇಳಿದೆ. ಕಂಪನಿಯವರು ಬಹಳ ಮರ್ಯಾದೆಯಿಂದಲೇ ಹೇಳಿದರು: ಗಣಿ ದೊಡ್ಡದಾಗಿದೆ, ಆ ಊರನ್ನು ಸ್ಥಳಾಂತರಿಸಿದ್ದೇವೆ, ಹಾಗಾಗಿ ಬಾವಿಯ ಪ್ರಶ್ನೆ ಉಳಿದಿಲ್ಲ. ಜನ ಎಲ್ಲಿಗೆ ಹೋದರು ಎಂದು ಕೇಳುವಷ್ಟರಲ್ಲಿ ನನ್ನ ಸರದಿ ಮುಗಿದಿತ್ತು.

ಗಣಿ ದೊಡ್ಡದಾದದ್ದರಿಂದಲೇ ಬಳಗಕ್ಕೆ ಈ ವರ್ಷ ಒಳ್ಳೆಯ ಲಾಭ ಬಂದಿದೆ. ಈ ಸಮಾರಂಭವೂ ಅದರಿಂದಲೇ.

ಮುಂದಿನ ಸಭೆಯಲ್ಲಿ ಆ ಜನರ ವಿಷಯ ಕೇಳುತ್ತೇನೆ. ಒಬ್ಬಳೇ ಕೂರುವುದು ಕಷ್ಟ. ಯಾರಾದರೂ ಅಡ್ಡಗದ್ದೆಯ ನಮ್ಮ ಮನೆಗೆ ಬಂದು ನನ್ನ ಪಕ್ಕ ಕೂತರೆ ಸಾಕು, ಮಾತಾಡಬೇಕೆಂದಿಲ್ಲ.

ಇಷ್ಟು ಹೊತ್ತು ತಾಳ್ಮೆಯಿಂದ ಕೇಳಿದಿರಿ, ಉಪಕಾರವಾಯಿತು. ನಮಸ್ಕಾರ.