ಹನ್ನೆರಡನೆಯ ಬೋಲ್ಟು

ಈ ಸಭೆಯ ಅಧ್ಯಕ್ಷತೆ ವಹಿಸಿರುವ ರಾಯಬಾಗದ ಹಿರಿಯ ಮೆಕ್ಯಾನಿಕ್ ರಾಜಾರಾಮ ಅವರೇ, ಅಥಣಿಯಿಂದ ಅತಿಥಿಯಾಗಿ ಬಂದಿರುವ ಐಟಿಐ ತರಬೇತಿ ಅಧಿಕಾರಿ ನೀಲಮ ಮೇಡಂ ಅವರೇ, ನಮ್ಮ ದ್ವಿಚಕ್ರ ವಾಹನ ಮೆಕ್ಯಾನಿಕರ ಸಂಘದ ಕಾರ್ಯದರ್ಶಿ ಬೀರದೇವ ಅವರೇ, ಭಾನುವಾರದ ಗಿರಾಕಿಗಳನ್ನು ಬಿಟ್ಟು ಹಾರೂಗೇರಿಯ ಈ ಸಭಾಭವನಕ್ಕೆ ಬಂದು ಕುಳಿತಿರುವ ಸಭಿಕರೇ,

ಮುರಿದ ಬೋಲ್ಟು ಹೊರಗೆ ಬಂದಿದೆ. ಮೊನ್ನೆ ಗುರುವಾರ ಮಧ್ಯಾಹ್ನ ಹನ್ನೆರಡು ಗಂಟೆ ಹತ್ತು ನಿಮಿಷಕ್ಕೆ, ಮುಗಳಖೋಡ ರಸ್ತೆಯ ಯಾಸ್ಮಿನ್ ಅವರ ಗ್ಯಾರೇಜಿನಲ್ಲಿ ಬಂತು. ಬೀರದೇವ ಅವರು ಬರೆದ ಈ ವರದಿಯನ್ನು ಈಗಷ್ಟೇ ನಿಮ್ಮ ಮುಂದೆ ಓದಲಾಯಿತು. ಅದರ ಕೊನೆಯ ಸಾಲು ಹೀಗಿದೆ: ‘ಬೋಲ್ಟು ಯಾಸ್ಮಿನ್ ಅವರ ಕೈಯಲ್ಲಿ ಮುರಿದಿದೆ. ನಿಯಮದಂತೆ ಅವರ ಸದಸ್ಯತ್ವದ ಅರ್ಜಿಯನ್ನು ಒಂದು ವರ್ಷ ಮುಂದಕ್ಕೆ ಹಾಕಬಹುದು.’ ಕೆಳಗೆ ಸಂಘದ ಅಧ್ಯಕ್ಷನ ಸಹಿ ಇದೆ. ಆ ಅಧ್ಯಕ್ಷ ಜಯಪಾಲ, ಅಂದರೆ ನಾನು.

ವಾರ್ಷಿಕ ಸಭೆಯಲ್ಲಿ ನಾನು ಪ್ರತಿ ಸಲವೂ ಒಂದು ಕೆಲಸದ ಬಗ್ಗೆ ಮಾತಾಡುವುದು ರೂಢಿ. ಹೋದ ವರ್ಷ ಕಾರ್ಬ್ಯುರೇಟರ್ ಬಗ್ಗೆ ಐವತ್ತು ನಿಮಿಷ ಮಾತಾಡಿದೆ. ಚಿಂಚಲಿಯವರು ಮೂವರು ನಿದ್ದೆ ಹೋದರು. ನಾಲ್ಕನೆಯವರು ಹೋಗಲಿಲ್ಲ, ಏಕೆಂದರೆ ಅವರು ಮೈಕಿನವರು. ಈ ವರ್ಷದ ವಿಷಯ, ಮುರಿದ ಬೋಲ್ಟನ್ನು ತೆಗೆಯುವುದು ಹೇಗೆ. ಇದನ್ನು ಎರಡು ತಿಂಗಳ ಹಿಂದೆಯೇ ನಿಗದಿ ಮಾಡಿಕೊಂಡಿದ್ದೆ. ಮಂಗಳವಾರ ಶ್ರೇಣಿಕನ ಗಾಡಿಯಲ್ಲಿ ಹೀಗಾಗುತ್ತದೆ ಎಂದು ಯಾರಿಗೆ ಗೊತ್ತಿತ್ತು?

ನೀಲಮ ಮೇಡಂ ಹೊಸಬರು. ಅವರಿಗಾಗಿ ನಮ್ಮ ಪದ್ಧತಿ ಹೇಳುತ್ತೇನೆ. ನಮ್ಮಲ್ಲಿ ಬೋಲ್ಟು ಯಾರ ಕೈಯಲ್ಲಿ ಮುರಿಯಿತೋ ಅವರೇ ತೆಗೆಯಬೇಕು. ಮುರಿದ ಜಾಗದ ಸುತ್ತ ಸೀಮೆಸುಣ್ಣದಿಂದ ಒಂದು ಗೆರೆ ಎಳೆಯುತ್ತೇವೆ. ಗೆರೆ ಎಳೆದ ಮೇಲೆ ಬೇರೆಯವರು ಕೈ ಹಚ್ಚುವಂತಿಲ್ಲ. ಗಾಡಿಯ ಮಾಲಕ ದೂರು ಕೊಟ್ಟರೆ, ಸಂಘದ ಇಬ್ಬರು ಬಂದು ನಿಂತ ಮೇಲೆಯೇ ತೆಗೆಯಬೇಕು. ಈ ಪದ್ಧತಿ ನನ್ನ ಉಸ್ತಾದರ ಕಾಲದಿಂದಲೂ ಇದೆ. ಇದು ಒಳ್ಳೆಯ ಪದ್ಧತಿ. ಮೂವತ್ತೈದು ವರ್ಷ ಇದನ್ನು ಒಳ್ಳೆಯದೆಂದೇ ಹೇಳಿಕೊಂಡು ಬಂದಿದ್ದೇನೆ.

ಇನ್ನು ಕೆಲಸಕ್ಕೆ ಬರೋಣ. ಬೋಲ್ಟು ಮುರಿದರೆ ಮೊದಲು ಏನು ಮಾಡಬೇಕು? ಸುತ್ತಿಗೆ ಹಿಡಿಯಬೇಕೇ? ಡ್ರಿಲ್ ಹಿಡಿಯಬೇಕೇ? ಗಿರಾಕಿಗೆ ಚಹಾ ತರಿಸಬೇಕೇ? ಮೂರೂ ಅಲ್ಲ. ಮೊದಲು ಮುರಿದ ಮುಖವನ್ನು ನೋಡಬೇಕು. ಈಗ ಮುರಿದ ಉಕ್ಕು ಹೊಳೆಯುತ್ತದೆ. ಹಿಂದೆ ಎಂದೋ ಮುರಿದದ್ದು ಕಪ್ಪಾಗಿರುತ್ತದೆ. ಇದು ಈ ಸಭೆಯಲ್ಲಿ ಗೊತ್ತಿಲ್ಲದವರು ಯಾರಿದ್ದಾರೆ?

ಎರಡನೆಯದು, ನಡುವನ್ನು ಹುಡುಕುವುದು. ಆರು ಮಿಲಿಮೀಟರಿನ ಬೋಲ್ಟು. ಅದರ ನಟ್ಟನಡುವೆ ಪಂಚ್ ಇಟ್ಟು ಚುಕ್ಕೆ ಹೊಡೆಯಬೇಕು. ಚುಕ್ಕೆ ಕೂದಲೆಳೆ ಸರಿದರೂ ಡ್ರಿಲ್ ಬೋಲ್ಟನ್ನು ಬಿಟ್ಟು ಪಕ್ಕದ ಅಲ್ಯೂಮಿನಿಯಮ್ಮನ್ನು ತಿನ್ನುತ್ತದೆ. ಎಂಜಿನ್ನಿನ ಕೇಸೇ ಹೋಯಿತು. ಇದಕ್ಕೆ ಕೈಗಿಂತ ಕಣ್ಣು ಮುಖ್ಯ. ಕಣ್ಣಿದ್ದಾಗ ನಾನು ನಿಪ್ಪಾಣಿಯವರೆಗೂ ಹೋಗಿ ತೆಗೆದುಕೊಟ್ಟು ಬಂದಿದ್ದೇನೆ. ಕಣ್ಣಿದ್ದಾಗ ಎಂದೆನೇ? ಇರಲಿ, ಆ ಮಾತು ಬಂದುಬಿಟ್ಟಿತು. ಅಲ್ಲಿಗೂ ಬರುತ್ತೇನೆ.

ಮಂಗಳವಾರ ಆದದ್ದು ಇಷ್ಟು. ಕಿರಾಣಿ ಅಂಗಡಿಯ ಶ್ರೇಣಿಕ ನನ್ನ ಹಳೆಯ ಗಿರಾಕಿ, ನಮ್ಮ ಬೀಗರ ಪೈಕಿ. ಅವನ ಗಾಡಿಯ ಕ್ಲಚ್ ಕಡೆಯ ಮುಚ್ಚಳದಿಂದ ಎಣ್ಣೆ ಸೋರುತ್ತಿತ್ತು. ಆ ದಿನ ನನ್ನ ಗ್ಯಾರೇಜು ಮುಚ್ಚಿತ್ತು. ಬಾಗಿಲಿಗೆ ‘ಮದುವೆಗೆ ಹೋಗಿದ್ದೇವೆ’ ಎಂದು ಬರೆದು ಹಾಕಿದ್ದೆ. ಅವನು ಯಾಸ್ಮಿನ್ ಅವರ ಕಡೆಗೆ ಹೋದ. ಯಾಸ್ಮಿನ್ ತಂದೆಯ ಲೇಥ್ ಅಂಗಡಿಯಲ್ಲಿ ಹದಿನಾಲ್ಕು ವರ್ಷ ಕೆಲಸ ಮಾಡಿ, ಎರಡು ವರ್ಷದಿಂದ ಸ್ವಂತ ಗ್ಯಾರೇಜು ನಡೆಸುತ್ತಿರುವವರು. ಮುಚ್ಚಳಕ್ಕೆ ಹನ್ನೆರಡು ಬೋಲ್ಟು. ಹನ್ನೊಂದು ಬಿಚ್ಚಿದರು. ಹನ್ನೆರಡನೆಯದಕ್ಕೆ ಪಾನಾ ಇಟ್ಟರು, ತಲೆಯೊಂದೇ ಕೈಗೆ ಬಂತು.

ಅಲ್ಲಿದ್ದವರು ನನಗೆ ಹೇಳಿದ್ದನ್ನೇ ಹೇಳುತ್ತೇನೆ. ಶ್ರೇಣಿಕ ಕೂಗಿದನಂತೆ, “ಮುರದ್ಯಲ್ಲಬೇ! ಜಯಪಾಲಣ್ಣನ ಕೈಯಾಗ ಹತ್ತ ವರ್ಸ ಗಾಡಿ ಇತ್ತು, ಒಂದ ಬೋಲ್ಟ ಮುರದಿಲ್ಲ!”

ಯಾಸ್ಮಿನ್ ಹೇಳಿದರಂತೆ, “ಅಣ್ಣಾರ, ನಾ ಇನ್ನೂ ಜೋರ ಹಾಕೇ ಇಲ್ರಿ. ಮುರದ್ರ ಸದ್ದ ಬರಬೇಕಲ್ರಿ? ಸದ್ದ ಬಂತೇನ್ರಿ?”

“ನಿನ್ನ ರೇಡಿಯೋದ ಗದ್ದಲದಾಗ ಬಾಂಬ್ ಬಿದ್ರೂ ಕೇಳಂಗಿಲ್ಲ ಬಿಡು.”

ಆ ಮಾತಿಗೆ ಅಲ್ಲಿದ್ದವರು ನಕ್ಕರು. ಈಗ ನೀವೂ ನಕ್ಕಿರಿ. ಆ ನಗು ಸಂಜೆಯ ಹೊತ್ತಿಗೆ ಬಸ್ ಸ್ಟ್ಯಾಂಡಿನ ಚಹಾದ ಅಂಗಡಿಗೆ ಬಂತು. ಹೆಣ್ಣುಮಕ್ಕಳ ಕೈಗೆ ಗಾಡಿ ಕೊಟ್ಟರೆ ಹೀಗೇ ಎಂಬ ಮಾತೂ ಬಂತು. ಮಂಗಳವಾರದಿಂದ ಇಂದಿನವರೆಗೆ ಅವರ ಗ್ಯಾರೇಜಿಗೆ ಹೊಸ ಗಾಡಿ ಒಂದೂ ಬಂದಿಲ್ಲ. ಇದನ್ನು ಬೀರದೇವ ವಿಚಾರಿಸಿ ಹೇಳಿದ್ದಾರೆ.

ಶ್ರೇಣಿಕ ಸಂಘಕ್ಕೆ ದೂರು ಕೊಟ್ಟ. ಗುರುವಾರ ನಾನು ಮತ್ತು ಬೀರದೇವ ಹೋದೆವು. ಗೆರೆಯೊಳಗೆ ಬೋಲ್ಟಿನ ಉಳಿದ ತುಂಡು ಕೇಸಿನಲ್ಲಿ ತಿರುಪಿನ ಎರಡು ಎಳೆಯಷ್ಟು ಆಳಕ್ಕೆ ಕುಳಿತಿತ್ತು. ಯಾಸ್ಮಿನ್ ತೆಗೆದ ರೀತಿಯನ್ನು ನೀವೂ ಕೇಳಿ. ಇಂದಿನ ನನ್ನ ಪಾಠ ಅದೇ. ಒಂದೇ ಏಟಿಗೆ ಚುಕ್ಕೆ ಹೊಡೆದರು. ಮೂರು ಮಿಲಿಮೀಟರಿನ ತೂತು ಕೊರೆದರು. ಸುತ್ತಲಿನ ಅಲ್ಯೂಮಿನಿಯಮ್ಮನ್ನು ಗ್ಯಾಸಿನಿಂದ ಕಾಯಿಸಿ, ಮೇಣದಬತ್ತಿ ಮುಟ್ಟಿಸಿದರು. ಮೇಣ ಕರಗಿ ಎಳೆಗಳೊಳಗೆ ಇಳಿಯಿತು. ಆಮೇಲೆ ಕೈ ಒರೆಸಿಕೊಂಡು ಸುಮ್ಮನೆ ಕುಳಿತುಬಿಟ್ಟರು. ಬೀರದೇವ ಕೇಳಿದರು, “ಯಾಕವ್ವಾ, ಕುಂತಿ?”

“ಅದಕ್ಕ ತಣ್ಣಗಾಗಾಕ ಬಿಡ್ಬೇಕ್ರಿ. ಅವಸರ ಮಾಡಿದ್ರ ತಗಿಯೋ ಕಡ್ಡೀನೂ ಒಳಗ ಮುರೀತೈತಿ. ಆವಾಗ ನಿಮ್ಮ ಸಂಘದವರು ಎರಡ ಗೆರಿ ಎಳೀಬೇಕು.”

ಇಪ್ಪತ್ತು ನಿಮಿಷ ಕುಳಿತರು. ಹಳೆಯ ಅರದ ಬಾಲವನ್ನು ಮಸೆದು ನಾಲ್ಕು ಮೂಲೆ ಮಾಡಿದ ಕಡ್ಡಿಯನ್ನು ತೂತಿಗೆ ಬಡಿದು ಕೂರಿಸಿ, ಎಡಕ್ಕೆ ತಿರುಗಿಸಿದರು. ತುಂಡು ಎಳೆ ಎಳೆಯಾಗಿ ಮೇಲೆ ಬಂತು. ಕೇಸಿಗೆ ಒಂದು ಗೀರೂ ಬಿದ್ದಿಲ್ಲ.

ಆಮೇಲೆ ಅವರು ಮಂಗಳವಾರದ ತಲೆ, ಗುರುವಾರದ ತುಂಡು, ಎರಡನ್ನೂ ನನ್ನ ಅಂಗೈಯಲ್ಲಿಟ್ಟರು. “ನೋಡ್ರಿ ಕಾಕಾ. ತೂತಿನ ಸುತ್ತ ನೋಡ್ರಿ, ಎರಡೂ ಮುಖ ಕರಿ ಅದಾವ. ನನ್ನ ಕೈಯಾಗ ಮುರದಿದ್ರ ಬೆಳ್ಳಿ ಹಂಗ ಹೊಳೀತಿತ್ತಲ್ರಿ?”

ನಾನು ಏನೆಂದೆ? “ಎಣ್ಣಿ ಹತ್ತಿರಬೇಕು ಬಿಡವ್ವಾ” ಎಂದೆ. ಬೀರದೇವ ಅದನ್ನೇ ಬರೆದುಕೊಂಡರು. ಅವರು ಬರೆದದ್ದರಲ್ಲಿ ತಪ್ಪಿಲ್ಲ, ನಾನು ಹೇಳಿದ್ದನ್ನೇ ಬರೆದರು.

ಆ ತಲೆಯ ಕೆಳಗೆ ಕೆಂಪು ಗಮ್ಮು ಅಂಟಿತ್ತು. ಮುಚ್ಚಳದಿಂದ ಎಣ್ಣೆ ಸೋರದಿರಲು ಈ ಊರಿನಲ್ಲಿ ನೀವೆಲ್ಲ ಬೂದುಬಣ್ಣದ ಗಮ್ಮು ಬಳಸುತ್ತೀರಿ. ಕೆಂಪು ಗಮ್ಮು ತರಿಸುವುದು ನಾನೊಬ್ಬನೇ. ಯಾಸ್ಮಿನ್ ಅದನ್ನು ನೋಡಿದರು. ನನ್ನ ಮುಖವನ್ನೂ ನೋಡಿದರು. “ಹಂಗ ಇರಬಹುದ್ರಿ” ಎಂದು ಹೇಳಿ, ನನ್ನ ಅಂಗೈಯಲ್ಲಿದ್ದ ತಲೆಯನ್ನು ತೆಗೆದುಕೊಂಡು ಹೆಬ್ಬೆರಳಿನಿಂದ ಉಜ್ಜಿ ಗಮ್ಮು ತೆಗೆದು, ಮತ್ತೆ ಅಲ್ಲೇ ಇಟ್ಟರು.

ಸಭಿಕರೇ, ಆ ಬೋಲ್ಟು ಮುರಿದದ್ದು ನನ್ನ ಕೈಯಲ್ಲಿ. ಎಂಟು ತಿಂಗಳ ಹಿಂದೆ, ಕ್ಲಚ್ ಪ್ಲೇಟು ಹಾಕಿ ಮುಚ್ಚಳ ಬಿಗಿಯುವಾಗ ಮುರಿಯಿತು. ಸದ್ದೂ ಬಂತು. ನಾನು ಪಂಚ್ ಹಿಡಿದು ಕುಳಿತೆ. ಬೋಲ್ಟಿನ ನಡು ನನಗೆ ಕಾಣಲಿಲ್ಲ. ದೀಪ ಹತ್ತಿರ ತಂದೆ. ಎರಡು ನಡು ಕಂಡವು. ಬಲಗಣ್ಣಿಗೆ ಪೊರೆ ಬಂದು ಎರಡು ವರ್ಷವಾಗಿದೆ. ಮನೆಯಲ್ಲಿ ಹೆಂಡತಿ ಲಕ್ಷ್ಮಿಬಾಯಿಗೆ ಬಿಟ್ಟರೆ ಯಾರಿಗೂ ಹೇಳಿರಲಿಲ್ಲ. ಅವಳು ಹೇಳಿದಳು, “ಯಾಸ್ಮಿನ್ ಕಡೆ ಕಳಸ್ರಿ, ತಗದ ಕೊಡ್ತಾಳ.” ನಾನು ಕಳಿಸಲಿಲ್ಲ. ನಿಪ್ಪಾಣಿಯವರು ಕರೆಸಿಕೊಳ್ಳುತ್ತಿದ್ದ ಮನುಷ್ಯ ಗಾಡಿಯನ್ನು ಮುಗಳಖೋಡ ರಸ್ತೆಗೆ ಕಳಿಸುವುದು ಹೇಗೆ? ತಲೆಗೆ ಗಮ್ಮು ಹಚ್ಚಿ ಅಂಟಿಸಿಬಿಟ್ಟೆ. ಎಣ್ಣೆ ಸೋರುತ್ತದೆ ಎಂದು ಶ್ರೇಣಿಕ ಎರಡು ಸಲ ಬಂದ. ಎರಡು ಸಲವೂ ಇನ್ನಷ್ಟು ಗಮ್ಮು ಹಚ್ಚಿದೆ. ಮಂಗಳವಾರ ನಾನು ಮದುವೆಗೆ ಹೋಗಿರಲಿಲ್ಲ. ಚಿಕ್ಕೋಡಿಗೆ ಕಣ್ಣು ತೋರಿಸಲು ಹೋಗಿದ್ದೆ.

ಇಂದು ಬೆಳಿಗ್ಗೆ ಬೀರದೇವ ವರದಿ ತಂದರು. ಸಹಿಯ ಜಾಗ ಕಾಣದೆ ತಡಕಾಡಿದೆ. ಅವರು ಬೆರಳಿಟ್ಟು ತೋರಿಸಿ, “ಇಲ್ಲೇರಿ ಅಣ್ಣಾ” ಎಂದರು. ಹಾಕಿದೆ. ಯಾಸ್ಮಿನ್ ಮೂರನೆಯ ಸಾಲಿನಲ್ಲಿ ಕುಳಿತು, ಅದನ್ನು ಓದುವಾಗ ತಲೆ ತಗ್ಗಿಸದೆ ಕೇಳಿದರು. ನಾನು ಬರೆಸಿಕೊಂಡು ಬಂದ ಭಾಷಣದಲ್ಲಿ ಇದಾವುದೂ ಇಲ್ಲ. ಆ ಹಾಳೆ ಜೇಬಿನಲ್ಲಿದೆ. ಓದಲು ಹೇಗೂ ಕಾಣುವುದಿಲ್ಲ.

ಕಡೆಯ ಕೈ ಯಾರದೋ, ತಪ್ಪು ಅವರದೇ ಎಂದು ನಾವು ಇಷ್ಟು ವರ್ಷ ಗೆರೆ ಎಳೆದೆವು. ಮುರಿದದ್ದನ್ನು ಗಮ್ಮು ಹಚ್ಚಿ ಮುಚ್ಚಿಡುವವನು ನಾನೊಬ್ಬನೇ ಎಂದು ಹೇಳಿದರೆ ನೀವೇ ನಗುತ್ತೀರಿ. ಆದರೆ ಇಂದು ನಿಮ್ಮ ಲೆಕ್ಕ ಬೇಡ, ನನ್ನದು ಸಾಕು. ಹೀಗೆ ತಲೆ ಅಂಟಿಸಿದ ಇನ್ನೂ ನಾಲ್ಕು ಗಾಡಿಗಳು ನನಗೆ ನೆನಪಿವೆ. ಅವುಗಳ ಮಾಲಕರಿಗೆ ನಾಳೆ ನಾನೇ ಹೋಗಿ ಹೇಳುತ್ತೇನೆ. ಶ್ರೇಣಿಕನಿಗೆ ಈ ಬೆಳಿಗ್ಗೆಯೇ ಹೇಳಬೇಕಿತ್ತು, ಹೇಳಲಿಲ್ಲ. ಅವನು ಹಿಂದೆ ಬಾಗಿಲ ಹತ್ತಿರ ನಿಂತಿದ್ದಾನೆ. ಈಗ ಕೇಳಿಸಿಕೊಂಡಿದ್ದಾನೆ.

ಯಾಸ್ಮಿನ್ ಅವರೇ, ವರದಿ ತಪ್ಪು. ನನ್ನ ಸಹಿಯನ್ನು ಹಿಂದಕ್ಕೆ ಪಡೆಯುತ್ತೇನೆ. ಗಮ್ಮು ಉಜ್ಜಿ ನೀವು ನನ್ನ ಮಾನ ಉಳಿಸಿದಿರಿ. ಅದಕ್ಕೆ ನಾನು ನಿಮ್ಮ ಹೆಸರು ಕೆಡಿಸಿದೆ. ತಪ್ಪಾಯಿತು.

ಕಾರ್ಯಕ್ರಮ ಪಟ್ಟಿಯ ಐದನೆಯ ವಿಷಯ ನನ್ನ ಸನ್ಮಾನ. ಅದನ್ನು ಕೈಬಿಡಬೇಕೆಂದು ಸಭಾಧ್ಯಕ್ಷರನ್ನು ಕೋರುತ್ತೇನೆ. ಶಾಲು ಮಡಿಚಿದಂತೆಯೇ ಇರಲಿ. ನಾಲ್ಕನೆಯ ವಿಷಯ ಯಾಸ್ಮಿನ್ ಅವರ ಸದಸ್ಯತ್ವದ ಅರ್ಜಿ. ಅದನ್ನು ರಾಜಾರಾಮ ಅವರು ನಡೆಸುತ್ತಾರೆ, ನಾನು ಮತ ಹಾಕುವುದಿಲ್ಲ. ತಾಳ್ಮೆಯಿಂದ ಕೇಳಿದ ನಿಮಗೆಲ್ಲ, ದೂರದಿಂದ ಬಂದ ಮೇಡಂ ಅವರಿಗೆ, ಕೊನೆಯವರೆಗೆ ಮೈಕು ಬಂದ್ ಮಾಡದ ಮೈಕಿನವರಿಗೆ ನನ್ನ ವಂದನೆಗಳು. ಕೈ ಎತ್ತಿಸಿ ಮತ ತೆಗೆದುಕೊಳ್ಳುವುದು ಹನ್ನೆರಡೂವರೆಗೆ, ಊಟಕ್ಕೆ ಮೊದಲು. ನಮಸ್ಕಾರ.