ಕತ್ತಲಾದ್ರೆ ಕೈ ಚಾಚೋ ಕಲ್ಲು

ಇದನ್ನ ಯಾರ್ಗೂ ಹೇಳ್ಬ್ಯಾಡ ಅಂತ ಹೊಂಬಾಳಕ್ಕ ತನ್ ತಲೆ ಮೇಲೆ ನನ್ ಕೈ ಇಡಿಸಿ ಆಣೆ ಮಾಡಿಸ್ಕೊಂಡಿದ್ಲು. ದೀಪ ಸಣ್ಣ ಮಾಡ್ರಿ... ನನ್ ಮುಖ ನೋಡ್ತಾ ಕೂತ್ಕೋಬ್ಯಾಡ್ರಿ, ನಂಗೆ ಮಾತು ಬರಲ್ಲ. ಹೊಂಬಾಳಕ್ಕ ಅಂದ್ರೆ ನಮ್ ದೊಡ್ಡಮ್ಮನ್ ಮಗಳು, ಬಿಳಿಗೆರೆಯೋಳು. ಕತೆ ಅಲ್ಲ ಇದು.

ಆವತ್ತು ಅವಳು ಕಾಯಿ ಸುಲಿಯೋ ಕಣದಿಂದ ಮನೆಗೆ ಬರೋ ಹೊತ್ಗೆ ಊರು ಮಲಗಿತ್ತು. ಕರೆಂಟ್ ಇಲ್ಲ. ತೋಟದ ಬಾವಿ ದಾಟ್ಬೇಕು. ಬಾವಿ ಒಳಗೆ ಕಪ್ಪೆ ಒಂದು ಪುಳಕ್ ಅಂತ ನೀರಿಗೆ ಬಿತ್ತು. ಆಮೇಲೆ ಏನೂ ಇಲ್ಲ. ಆಗ ಕೇಳುಸ್ತು... ಚಟ್. ಬೆರಳು ನೆಟಿಕೆ ಮುರಿದಂಗೆ. ಮತ್ತೆ... ಚಟ್. ಶ್ರೀರಂಗಯ್ಯನೋರ ಮನೆ ಒಳಗಿಂದ.

ಮನೇಲಿ ಯಾರೂ ಇರ್ಲಿಲ್ಲ. ಅವರು ಕಣ್ಣಿನ ಆಪರೇಷನ್ನಿಗೆ ಬೆಂಗಳೂರ್ಗೆ ಹೋಗಿದ್ರು. ಮೊದ್ಲು ಹಡಗಲ್ಲಿ ಕೆಲ್ಸ ಮಾಡ್ದೋರು, ಒಂಟಿ ಜೀವ. ನಡುಮನೇಲಿ ದೊಡ್ಡ ಗಾಜಿನ ತೊಟ್ಟಿ, ಅದ್ರ ತುಂಬ ಸಮುದ್ರದ ನೀರು. ಮಂಗಳೂರ್ಗೆ ಕೊಬ್ರಿ ಹೊತ್ಕೊಂಡು ಹೋದ ಲಾರಿಗಳು ವಾಪಸ್ ಬರ್ವಾಗ ಡ್ರಮ್ಮಲ್ಲಿ ತರೋವು. ಒಳಗೆ ಹವಳದ ಕಲ್ಲು, ಒಂದಷ್ಟು ಮೀನು, ಚಟ್ ಅಂತ ಕೊಂಡಿ ಬಡಿಯೋ ಒಂದು ಸೀಗಡಿ. ಸಮುದ್ರನ ತಂದು ಮನೇಲಿ ಕಟ್ಟಾಕವ್ನೆ, ಕರು ಯಾವಾಗ ಹಾಕ್ತದೋ ನೋಡ್ಬೇಕು ಕಣ್ಲಾ ಅಂತ ಊರೋರು ನಗೋರು.

ಮನೆ ಬೀಗದ ಕೈ ಹೊಂಬಾಳಕ್ಕಂಗೆ ಕೊಟ್ಟು ಹೇಳಿದ್ರಂತೆ, ಕರೆಂಟ್ ಹೋದ್ರೆ ನೀರಿಗೆ ಗಾಳಿ ಊದೋ ಪಂಪು ನಿಲ್ತದೆ, ಬರೋವರ್ಗೂ ಚೊಂಬಲ್ಲಿ ನೀರು ಮೊಗೆದು ಮೇಲಿಂದ ಹುಯ್ತಿರು ಅಂತ. ರಾತ್ರಿ ಹೊತ್ತು ಬೆಳಕು ಮಾತ್ರ ಬಿಡ್ಬ್ಯಾಡ, ನಾಚ್ಕೊಂತಾವೆ ಅಂದಿದ್ರು. ಮೀನಿನ ಮಾತು ಅನ್ಕೊಂಡಿದ್ಲು ಅವಳು.

ಒಳಗೋಗಿ ನೀರು ಹುಯ್ತಾ ನಿಂತ್ಲು. ಕತ್ತಲು. ಬೆರಳಿಗೆ ಏನೋ ತಗುಲ್ತು... ಮೆತ್ತಗೆ. ಚುರ್ ಅಂತು. ಟಾರ್ಚ್ ಬೆಳಕು ಬಿಟ್ಲು.

ಹಗಲೊತ್ತು ಹೂಕೋಸಿನಂಗೆ ಗಟ್ಟಿಯಾಗಿರೋ ಕಲ್ಲು... ಉಬ್ಕೊಂಡಿತ್ತು. ತೂತುತೂತಿಂದ್ಲೂ ಎಳೆಗಳು ಈಚೆಗೆ ಬಂದು ಒದ್ದಾಡ್ತಿದ್ವು. ಒಂದ್ ಕಲ್ಲಿಂದ ಬಿಳೀ ದಾರ ಚಾಚ್ಕೊಂಡು ಪಕ್ಕದ ಕಲ್ಲಿನ ಮೈಯ ತಿಂತಿತ್ತು. ಮೂಲೇಲಿ ಒಂದು ಮೀನು ಮೈ ಸುತ್ತ ಲೋಳೆ ಪರೆ ಕಟ್ಕೊಂಡು ಬಿದ್ದಿತ್ತು, ಹೆಣ ಸುತ್ತಿಟ್ಟಂಗೆ. ಬೆಳಕು ತಾಕ್ತಿದ್ದಂಗೆ ಎಳೆಗಳೆಲ್ಲ ಸರಕ್ ಅಂತ ಒಳಗೋದ್ವು.

ಹುಳ ಬಿದ್ದವೆ ಅನ್ಕೊಂಡ್ಲು. ತೆಂಗಿನ ತೋಟದಲ್ಲಿ ಬೆಳೆದ ಹುಡ್ಗಿ ಇನ್ನೇನು ಅನ್ಕೊತಾಳೆ? ಸುಳೀಲಿ ಹುಳ ಕಂಡ್ರೆ ಮಾಡೋದು ಒಂದೇ. ಮನೆಗೆ ಓಡಿದ್ಲು. ಮರಳಲ್ಲಿ ಕಲಸಿ ತೆಂಗಿನ ಸುಳಿಗೆ ತುಂಬೋ ಔಷಧಿ ಪುಡೀನ ಒಂದ್ ಹಿಡಿ ತಂದು ಕಲ್ಲಿನ ಮೇಲೆ ಉದುರಿಸಿದ್ಲು. ಒಳ್ಳೇದು ಮಾಡ್ದೆ ಅನ್ಕೊಂಡು ಹೋಗಿ ನೆಮ್ಮದಿಯಾಗಿ ಮಲಗಿದ್ಲು.

ಬೆಳಿಗ್ಗೆ ನೀರು ಅಕ್ಕಿ ತೊಳೆದ ಅಕ್ಕಚ್ಚಿನಂಗೆ ಬೆಳ್ಳಗಾಗಿತ್ತು. ಮೀನು ತೇಲ್ತಿದ್ವು. ಶ್ರೀರಂಗಯ್ಯನೋರು ಬರೋ ಹೊತ್ಗೆ ಹವಳದ ಮೈಯೆಲ್ಲ ಕರಗೋಗಿ ಸುಣ್ಣದಂಥ ಎಲುಬುಗೂಡಷ್ಟೇ ಉಳಿದಿತ್ತು. ಒಂದು ಕಣ್ಣಿಗೆ ಪಟ್ಟಿ ಕಟ್ಕೊಂಡೇ ಬಂದು ತೊಟ್ಟಿ ಮುಂದೆ ಕೂತ್ರು. ಏನಾಯ್ತವ್ವ ಅಂದ್ರು.

“ಕರೆಂಟ್ ಹೋಗಿತ್ತು” ಅಂದ್ಲು.

ಅಷ್ಟೇ ಅಂದಿದ್ದು.

“ಹೋಗ್ಲಿ ಬುಡವ್ವ. ನಿನ್ ತಪ್ಪೇನೈತೆ... ಕತ್ತಲಾದ್ರೆ ಈ ಹವಳಗಳು ಉಣ್ಣಕ್ಕೆ ಕೈ ಚಾಚೋವು, ಹಸಿದ ಮಕ್ಳಂಗೆ. ನಿಂಗೆ ಒಂದಿನ ತೋರುಸ್ಬೇಕು ಅನ್ಕೊಂಡಿದ್ದೆ.”

ನಾನೂ ಆಮೇಲೆ ಲೈಬ್ರರಿ ಪುಸ್ತಕದಲ್ಲಿ ಓದ್ದೆ. ಹವಳ ಕಲ್ಲಲ್ಲ, ಜೀವ. ಹಗಲು ಮುದುರ್ಕೊಂಡಿರ್ತದೆ. ಆ ಮೀನೂ ಸತ್ತಿರ್ಲಿಲ್ಲ, ಲೋಳೆ ಹೊದ್ಕೊಂಡು ನಿದ್ದೆ ಮಾಡ್ತಿತ್ತು.

ಮನೆ ನೋಡ್ಕೊಂಡಿದ್ದಕ್ಕೆ ಅಂತ ಬೆಂಗಳೂರಿಂದ ಬಳೆ ತಂದಿದ್ರು, ಅವಳ್ ಕೈಗಿಟ್ರು. ಊರೋರು ಲೈನ್‌ಮನ್ ಕರಿಯಪ್ಪನ್ನ ಹಿಡ್ಕೊಂಡು ಬೈದ್ರು. ಹೊಂಬಾಳಕ್ಕ ಅಲ್ಲೇ ನಿಂತಿದ್ಲು. ನೆಲ ನೋಡ್ತಾ.

ಶ್ರೀರಂಗಯ್ಯನೋರು ನೀರು ಚೆಲ್ಲಿ, ತೊಟ್ಟೀನ ಜಗಲಿ ಮೇಲೆ ಬೋರಲು ಹಾಕಿದ್ರು. ಇನ್ ಇಲ್ಲೇನೈತೆ, ಹುಳಿಯಾರಲ್ಲಿ ತಂಗಿ ಮನೆಗೆ ಹೋಗಿ ಇದ್ಬುಡ್ತೀನಿ, ನಾಳೆ ಮೊದಲ್ನೇ ಬಸ್ಸಿಗೆ ಅಂದ್ರಂತೆ. ಆವತ್ತು ರಾತ್ರಿ ಹೊಂಬಾಳಕ್ಕ ತೀರ್ಮಾನ ಮಾಡಿದ್ಲು. ಅವ್ರು ಹೋಗೋದ್ರೊಳಗೆ ಹೇಳ್ಬುಡ್ಬೇಕು. ಬೈಲಿ, ಹೊಡೀಲಿ, ಊರಿಗೆಲ್ಲ ಗೊತ್ತಾಗ್ಲಿ. ಮನೆಯೋರು ಮಲಗಿದ್ ಮೇಲೆ ಎದ್ದೋದ್ಲು.

ಬಾಗ್ಲು ಮುಚ್ಚಿತ್ತು. ಒಳಗೆ...

ಬುಳು ಬುಳು ಬುಳು. ಪಂಪಿನ ಸದ್ದು.

ತೊಟ್ಟಿ ಇಲ್ಲೇ ಐತೆ, ಜಗಲಿ ಮೇಲೆ, ಅವಳ್ ಮೊಣಕಾಲಿಗೆ ತಗುಲ್ಕೊಂಡು, ಒಣಗಿ. ಒಳಗೆ ಮಾತ್ರ ಬುಳು ಬುಳು... ಚಟ್.

“ಅಯ್ಯಾ” ಅಂದ್ಲು, ಪಿಸುಮಾತಲ್ಲಿ. “ಕರೆಂಟಲ್ಲ ಕಣಯ್ಯಾ. ನಾನೇ... ಹುಳದ ಪುಡಿ ಹಾಕ್ಬುಟ್ಟೆ.”

ಸದ್ದೆಲ್ಲ ಒಟ್ಗೇ ನಿಂತೋಯ್ತು.

ಕಾದ್ಲು. ಒಳಗೆ ಯಾರೋ ಉಸಿರು ಹಿಡ್ಕೊಂಡು ಕೇಳ್ತಿದ್ದಂಗೆ. ಬಾಗ್ಲು ತಟ್ಟಕ್ಕೆ ಕೈ ಎತ್ತಿದ್ರೆ ಬೆರಳಿಗೆ ಬೀಗ ತಗುಲ್ತು. ತಣ್ಣಗೆ. ಹೊರಗಿಂದ ಹಾಕಿದ್ದು.

ಶ್ರೀರಂಗಯ್ಯನೋರು ಬಸ್ಸಿಗೆ ಕಾಯದೆ, ಸಂಜೇನೇ ಯಾವುದೋ ಲಾರಿ ಹತ್ತಿ ಹೊರಟೋಗಿದ್ರು. ಅದು ಗೊತ್ತಾಗಿದ್ದು ಬೆಳಿಗ್ಗೆ. ಸುಳ್ಳು ಅಂತೀರಾ, ಅನ್ರಿ. ಅವಳು ನಂಗೆ ಹೇಳ್ವಾಗ ಸೆರಗಲ್ಲಿ ಮುಖ ಮುಚ್ಕೊಂಡಿದ್ಲು, ಸುಳ್ಳು ಹೇಳೋರು ಹಂಗೆ ಮುಚ್ಕೊಳ್ಳಲ್ಲ. ನಡೆದಿದ್ದೇ ಇದು.

ಬೀಗ ಮುಟ್ಟಿದ್ ಮೇಲೂ ಅವಳು ಬಾಗ್ಲು ತಟ್ಟಿದ್ಲಂತೆ. ತಟ್ತಾನೇ ಇದ್ಲಂತೆ...

ಯಾರೂ ತೆಗೀಲಿಲ್ಲ.